ಯಾರೂ ಕಾಲು ಎತ್ತಬೇಡಿ

ಸ್ನೇಹಿತರೇ, ಇವತ್ತು ಮಧ್ಯಾಹ್ನ ಸೂರತ್‌ನ ಟಾಕೀಸಿನಲ್ಲಿ ಆಫ್ರಿಕಾದ ವಜ್ರದ ಗಣಿಗಳ ರಕ್ತಪಾತದ ಸಿನಿಮಾವನ್ನು ನಾನೂ ಹೆಂಡತಿಯೂ ನೋಡಿದೆವು. ತೆರೆಯ ಮೇಲೆ ಕೂಲಿಯೊಬ್ಬನ ಕೈಯಿಂದ ವಜ್ರದ ಕಲ್ಲು ಕೆಸರಿಗೆ ಜಾರಿತು. ನನ್ನ ಪಕ್ಕದ ಸೀಟಿನವರು ಅಲ್ಲಿನ ವರಾಛಾ ಬಡಾವಣೆಯಲ್ಲಿ ವಜ್ರ ಉಜ್ಜುವವರು. "ಯಾರೂ ಕಾಲು ಎತ್ತಬೇಡಿ!" ಎಂದು ಗುಜರಾತಿಯಲ್ಲಿ ಕೂಗಿಯೇ ಬಿಟ್ಟರು. ಅವರ ಕಾರ್ಖಾನೆಯಲ್ಲಿ ಕಲ್ಲು ಬಿದ್ದರೆ ಸಿಗುವ ತನಕ ಯಾರೂ ಕದಲುವಂತಿಲ್ಲವಂತೆ. ಥಿಯೇಟರೆಲ್ಲ ನಕ್ಕಿತು, ನನಗೆ ಸಿಟ್ಟು ಬಂತು.

ಇಂಟರ್ವಲ್‌ನಲ್ಲಿ ಕೇಳಿದೆ: "ಅಲ್ಲಿ ಜನ ಸಾಯ್ತಿದ್ದಾರೆ ಭಾಯ್, ನಿಮಗೆ ಕಲ್ಲಿನ ಚಿಂತೆಯೇ?"

"ಕಲ್ಲಿನ ಚಿಂತೆಯಲ್ಲ ಸಾಹೇಬ್, ಆ ಕೂಲಿಯ ಚಿಂತೆ. ಸಿಗದಿದ್ದರೆ ಅವನ ಗತಿ? ನನ್ನ ಕೈಯಿಂದಲೂ ಒಮ್ಮೆ ಬಿದ್ದಿತ್ತು." ಆಮೇಲೆ ನನ್ನ ಹೆಂಡತಿಯ ಬೆರಳಿನ ವಜ್ರದುಂಗುರ ನೋಡಿ, "ಭಾಭೀಜಿಯ ಕಲ್ಲು ಯಾವ ಗಣಿಯದು?" ಎಂದರು.

ಅವಳು ಕೈಯನ್ನು ಸೆರಗಿನೊಳಗೆ ಸೇರಿಸಿದಳು. ಎಷ್ಟೋ ದೇಶಗಳ ಅನ್ಯಾಯ ನೆನಪಿಟ್ಟುಕೊಂಡಿರುವ ನನಗೆ, ಉಂಗುರ ಕೊಂಡ ಅಂಗಡಿಯಲ್ಲಿ ಅದೊಂದು ಕೇಳಲು ನೆನಪಾಗಿರಲಿಲ್ಲ.