ಮಲ್ಮಲ್ ಬಟ್ಟೆಯಲ್ಲಿ ಜರಡಿ ಹಿಡಿದ ಅರಿಶಿನ

ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ ಅರಿಶಿನದಿಂದ ಮರೆವಿನ ಕಾಯಿಲೆಗೆ ಔಷಧಿ ಹುಡುಕುವವರ ಗುಂಪಿನಲ್ಲಿ ನಾನೂ ಒಬ್ಬಳು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಇದನ್ನು ಹೇಳಿದರೆ ಯಾರೂ ಬೆರಗಾಗುವುದಿಲ್ಲ. "ಅದಕ್ಕ ಇಷ್ಟೊಂದು ಓದಬೇಕಾತೇನು?" ಎಂದು ಕೇಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಮ್ಮ ಓಣಿಗೆ ಬಂದೇ ಇಲ್ಲ. ಅಲ್ಲಿ ಹಿತ್ತಲ ಗಿಡ ಬಿಟ್ಟರೆ ಬೇರೆ ಮದ್ದೇ ಇಲ್ಲ.

ಆ ಕಾಯಿಲೆ ನಮ್ಮ ಮನೆಗೇ ಬಂದಾಗ ಮಾತ್ರ ನನಗೆ ತಮಾಷೆ ಸಾಕೆನಿಸಿತು. ಅಪ್ಪ ಬಜಾರಿನಲ್ಲಿ ಬಟ್ಟೆ ಅಂಗಡಿ ನಡೆಸಿದವನು. ಮೊದಲು ಕನ್ನಡಕ ಮರೆತ, ಆಮೇಲೆ ಅಂಗಡಿಯ ದಾರಿಯನ್ನೇ ಮರೆತ. ಅಂಗಡಿ ಮುಚ್ಚಿದೆವು. ಈಚೆಗೆ ಅವ್ವನ ಗುರುತೂ ಒಂದು ದಿನ ಇದ್ದರೆ ಒಂದು ದಿನ ಇಲ್ಲ. ಡಾಕ್ಟರು ಗುಳಿಗೆ ಕೊಟ್ಟರು, ಹೋದ ನೆನಪು ಮರಳುವುದು ಕಷ್ಟ ಎಂದೂ ಹೇಳಿದರು. ಅವ್ವನಿಗೆ ಬೇಕಾಗಿದ್ದು ಒಂದೇ. ಅಪ್ಪ ತನ್ನನ್ನು ಪೂರ್ತಿ ಮರೆಯುವುದರೊಳಗೆ ನನ್ನ ಔಷಧಿ ಬರಬೇಕು.

"ಅರಿಷಿಣ ದಿನಾ ಸಾರಿಗೆ ಹಾಕ್ತೀನಲ್ಲ, ಮತ್ತ ಇವರಿಗ್ಯಾಕ ಮರೆವು ಬಂತು?" ಎಂದು ಕೇಳಿದಳು.

ಅರಿಶಿನದ ಸತ್ವ ನೀರಿನಲ್ಲಿ ಕರಗುವುದಿಲ್ಲ, ತಿಂದರೆ ಬಹುಪಾಲು ಹೊಟ್ಟೆಯಲ್ಲೇ ಹಾಳಾಗುತ್ತದೆ, ಉಳಿದದ್ದನ್ನು ಮೆದುಳು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ತಿಳಿಸಿ ಹೇಳಿದೆ. ಅದಕ್ಕೇ ನಾವು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ, ಅದಕ್ಕೊಂದು ಜಿಡ್ಡಿನ ಕವಚ ತೊಡಿಸಿ ಕಳಿಸಲು ನೋಡುತ್ತೇವೆ, ನ್ಯಾನೊ ಔಷಧಿ ಅಂದರೆ ಅದೇ ಎಂದೆ.

"ಹೋಳಿಗ್ಯಾಗ ಹೂರಣ ಇಟ್ಟಂಗ?"

"ಹೂಂ, ಹಂಗ ಅನ್ಕೋ."

ಅವ್ವನಿಗೆ ಅಷ್ಟೇ ಸಾಕಾಯಿತು. ಮುಂದಿನ ಸಲ ರಜೆಗೆ ಬಂದರೆ ಪಡಸಾಲೆಯೆಲ್ಲ ಹಳದಿ, ಬೆಕ್ಕೂ ಹಳದಿ. ಅರಿಶಿನದ ಕೊಂಬು ಕುಟ್ಟಿ, ಬೀಸಿ, ಅಂಗಡಿಯಲ್ಲಿ ಉಳಿದಿದ್ದ ಮಲ್ಮಲ್ ಬಟ್ಟೆಯನ್ನು ಎರಡು ಪದರ ಮಾಡಿ ಜರಡಿ ಹಿಡಿಯುತ್ತ ಕೂತಿದ್ದಳು.

"ನಿಮ್ಮ ಕಣದಷ್ಟು ಸಣ್ಣ ಆಗೈತೇನು ನೋಡು."

"ಅವ್ವ, ಇದರ ಒಂದು ಕಣದಾಗ ನಮ್ಮವು ಕೋಟಿಗಟ್ಲೆ ಹಿಡಿತಾವು."

"ಹಂಗಾರ ಮೂರು ಪದರ ಮಾಡ್ತೀನಿ."

ಇವಳ ಹಟದ ಮುಂದೆ ನನ್ನ ಪದವಿಗಳು ಯಾವ ಲೆಕ್ಕ. ಆದರೂ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಮ್ಮದಿನ್ನೂ ಇಲಿಗಳಿಗೆ ಕೊಟ್ಟು ನೋಡೋದ್ರಾಗ ಐತಿ. ಮನುಷ್ಯರಿಗೆ ಬರಾಕ ವರ್ಷಗಟ್ಲೆ ಬೇಕು. ಬರ್ತೈತೋ ಇಲ್ಲೋ, ಅದೂ ಗೊತ್ತಿಲ್ಲ" ಎಂದೆ.

"ಇಲಿಗ್ಯಾಕ ನೆನಪಿನ ಔಷಧಿ? ನಾನು ಶೇಂಗಾ ಎಲ್ಲಿಟ್ಟೀನಿ ಅನ್ನೋದು ನನಗಿಂತ ಅವಕ್ಕ ಚಲೋ ಗೊತ್ತೈತಿ."

ಚಿಟಿಕೆಗಿಂತ ಹೆಚ್ಚು ಹಾಕಬೇಡ, ಡಾಕ್ಟರ ಗುಳಿಗೆ ಬಿಡಿಸಬೇಡ ಎಂದು ಮಾತು ತೆಗೆದುಕೊಂಡೆ. ಸಂಜೆ ಅವ್ವ ಬಿಸಿ ಹಾಲಿಗೆ ಚಿಟಿಕೆ ಪುಡಿ ಹಾಕಿ, ಕವಚಕ್ಕೆಂದು ಒಂದು ಹನಿ ತುಪ್ಪ ಬಿಟ್ಟು ಅಪ್ಪನಿಗೆ ಕೊಟ್ಟಳು. ಅಪ್ಪ ಕುಡಿದು ಮೀಸೆ ಒರೆಸಿಕೊಂಡು ನನ್ನ ಕಡೆ ಬಾಗಿದ.

"ಈ ತಾಯಿ ಹಾಲು ಬಾಳ ಚಲೋ ಕಾಸ್ತಾರ. ನಮ್ಮ ಮನಿಯಾಕಿಗೂ ಒಂದೀಟು ಹೇಳಿಕೊಡ್ರಿ ಅನ್ನು."

ಅವ್ವ ಲೋಟ ಇಸಿದುಕೊಂಡಳು.

"ಹೇಳಿಕೊಡ್ತೀನಿ ಬಿಡ್ರಿ. ಆಕಿ ಹೆಂಗ ಅದಾಳ?"

"ಬಾಯಿ ಸ್ವಲ್ಪ ಜೋರು. ಆದ್ರ ಆಕಿ ಇಲ್ಲದ ನನಗ ನಡೆಂಗಿಲ್ಲ."

ಅವ್ವ ಮುಖ ತಿರುಗಿಸಿ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಲೋಟ ತೊಳೆಯುತ್ತಿದ್ದವಳು ತಿರುಗಿ ನೋಡದೆಯೇ ಕೇಳಿದಳು.

"ದಾವಣಗೆರಿಗೆ ಯಾವಾಗ ಹೊಂಟಿ?"

"ಸೋಮವಾರ."

"ಅಷ್ಟೊತ್ತನಕ ಬ್ಯಾಡ. ನಾಳೆ ಮುಂಜಾನಿ ಬಸ್ಸಿಗೆ ಹೋಗು. ಇಲಿಗಳು ಕಾಯ್ತಿರ್ತಾವು."