ಮೂರು ನಿಮಿಷದ ಹಾಡಿಗೊಂದು ನಾರಾಯಣಪೇಟೆ ಸೀರೆ

ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಹೈದರಾಬಾದಿನ ಒಂದು ಟಿವಿ ವಾಹಿನಿಯಲ್ಲಿ ಹಿರಿಯ ಕ್ಯಾಮೆರಾಮನ್ ಆಗಿದ್ದೆ. ಏಷ್ಯಾದ ದೇಶಗಳ ನಡುವೆ ಟಿವಿಯಲ್ಲಿ ನೇರಪ್ರಸಾರವಾಗುವ ಹಾಡಿನ ಸ್ಪರ್ಧೆಗೆ ಭಾರತದ ಹಾಡನ್ನು ಸಿದ್ಧಪಡಿಸುವ ಹೊಣೆ ಆ ವರ್ಷ ನಮ್ಮ ವಾಹಿನಿಯ ಪಾಲಿಗೆ ಬಂತು. ಒಂದು ದೇಶ, ಒಂದು ಹಾಡು, ಮೂರೇ ನಿಮಿಷ. ಆಯ್ಕೆಯಾದವಳು ಗದ್ವಾಲದ ಸುಜಾತಾ. ನಾನು ಅದೇ ಸೀಮೆಯ ಮಕ್ತಲದವನು. ಸುದ್ದಿ ಕೇಳಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸುಜಾತಾಳದು ಒಂದೇ ಹಠ. "ನಾರಾಯಣಪೇಟೆ ನರ್ಸಪ್ಪ ಮಾಮಾ ನೇಯ್ದ ಸೀರಿನ ಉಡ್ತೀನ್ರಿ ಸಾರ್. ಇಲ್ಲಂದ್ರ ನನ್ನ ಧ್ವನಿನ ಹೊರಡಂಗಿಲ್ಲ." ವಾಹಿನಿಯವರು ಒಪ್ಪಿದರು, ಆದರೆ ಸೀರೆ ಕ್ಯಾಮೆರಾ ಪರೀಕ್ಷೆಯಲ್ಲಿ ಪಾಸಾಗಬೇಕು. ಆಗದಿದ್ದರೆ ಮಿರಮಿರ ಮಿಂಚುವ ಗೌನು ಸಿದ್ಧವಾಗಿತ್ತು. ನಾನೇ ನರ್ಸಪ್ಪನಿಗೆ ಫೋನ್ ಮಾಡಿದೆ. "ದೇಶದ ಮಾತೈತ್ರಿ. ನಿಮ್ಮ ಕೈಲೆ ಆಗೋವಂಥಾ ಎಲ್ಲಾಕಿಂತ ಚಲೋ ಸೀರಿ ಬೇಕು" ಎಂದೆ.

ನಮ್ಮ ಕಡೆಯ ನೇಕಾರನಿಗೆ ಚಲೋ ಸೀರೆ ಎಂದರೆ ಸಣ್ಣ ಚೌಕಳಿಯ ಸೀರೆ. ಚೌಕಳಿ ಸಣ್ಣದಾದಷ್ಟೂ ಕೈ ದೊಡ್ಡದು. ನರ್ಸಪ್ಪ ಕಳಿಸಿದ್ದೂ ಅಂಥದೇ: ಕೆಂಪು ಮೈಯ ಮೇಲೆ ಹಳದಿ ಗೀಟು, ಜೋಳದ ಕಾಳಿನಷ್ಟು ಚೌಕಳಿ. ಪೊಟ್ಟಣ ಬಿಚ್ಚಿದಾಗ ಸ್ಟುಡಿಯೋ ಮಂದಿಯೆಲ್ಲ ವಾಹ್ ಎಂದರು. ಸುಜಾತಾ ಅದನ್ನುಟ್ಟು ದೀಪದಡಿ ಬಂದಳು. ನಾನು ಮಾನಿಟರ್ ನೋಡಿದೆ. ಸೀರೆಯ ತುಂಬ ಬಣ್ಣದ ಅಲೆಗಳು ಕುದಿಯುತ್ತಿದ್ದವು! ಒತ್ತೊತ್ತಾದ ಗೆರೆಗಳು ಡಿಜಿಟಲ್ ಕ್ಯಾಮೆರಾಕ್ಕೆ ಹೀಗೆ ಕಾಣುತ್ತವೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಮ್ವಾರೆ ಎನ್ನುತ್ತೇವೆ. ಅಷ್ಟು ವರ್ಷ ಅನ್ನ ಕೊಟ್ಟ ಆ ವಿದ್ಯೆಯನ್ನು ನಾನು ಫೋನಿನಲ್ಲಿ ನರ್ಸಪ್ಪನಿಗೆ ಒಂದು ಮಾತಾಗಿಯೂ ಹೇಳಿರಲಿಲ್ಲ.

ಸ್ಪರ್ಧೆಗೆ ಹೋಗುವ ವಿಮಾನಕ್ಕೆ ಆರು ದಿನವಿತ್ತು. ಮರುದಿನ ಬೆಳಿಗ್ಗೆಯೇ ಒಂದು ಸಣ್ಣ ಕ್ಯಾಮೆರಾ, ಮಾನಿಟರ್ ಹೊತ್ತುಕೊಂಡು ನಾರಾಯಣಪೇಟೆಗೆ ಹೋದೆ. ಮಾನಿಟರ್ ನೋಡಿ ನರ್ಸಪ್ಪನ ಮುಖ ಬಾಡಿತು. ಅಲ್ಲಿ ಒಂದು ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿನಲ್ಲಿ, ಎಂಟು ಸೀರೆ, ಎಂಟಕ್ಕೂ ಅದೇ ಚೌಕಳಿ. ಎಂಟೂ ಮುಗಿಯದೆ ಹಾಸು ಇಳಿಸುವುದಿಲ್ಲ. ಆಗಿದ್ದವು ಎರಡೇ.

"ಹೊಸ ಹಾಸು ಹೂಡಾಕ ಎಂಟು ದಿನ ಬೇಕ್ರಿ ಸಾರ್. ಗೌನ್ ಉಡಸ್ರಿ ಹುಡಿಗೀಗಿ" ಎಂದು ನರ್ಸಪ್ಪ ಮುಖ ತಿರುಗಿಸಿದ.

ಆಗ ಮಗ್ಗದ ಹಿಂದಿನಿಂದ ಅವನ ಹೆಂಡತಿ ಬಾಲಮ್ಮ ಎದ್ದಳು. "ಹಾಸು ಯಾಕ ಇಳಸ್ಬೇಕ್ರಿ? ಮೂರು ಹಳದಿ ಗೀಟಿನಾಗ ಎರಡು ಬಿಡಿಸಿ ಅಲ್ಲೆ ಕೆಂಪ ಎಳಿ ಕಟ್ಟಿದ್ರ ಚೌಕಳಿ ದೊಡ್ಡದಾಗಂಗಿಲ್ಲೇನು? ಹಳದಿ ಎಳಿ ಪಕ್ಕಕ್ಕ ಇಟ್ಟು, ಈ ಸೀರಿ ಆದಮ್ಯಾಲ ಮತ್ತ ಕಟ್ಟೋಣು."

ನರ್ಸಪ್ಪ ಅವಳನ್ನೇ ನೋಡಿದ. "ಎಳಿ ಎಷ್ಟದಾವ ಗೊತ್ತೈತೇನು ನಿನಗ?"

"ಹಾಸು ಹೂಡಿದಾಕಿ ನಾನ. ನನಗ ಗೊತ್ತಿಲ್ಲೇನು?"

ಗಂಡ ಹೆಂಡತಿ ಕೂತೇಬಿಟ್ಟರು. ಒಂದೊಂದೇ ಎಳೆ ಕತ್ತರಿಸಿ, ಗಂಟು ಹಾಕಿ, ಮತ್ತೊಂದು. ಎರಡನೆಯ ದಿನ ಮಧ್ಯಾಹ್ನ ಗೇಣುದ್ದ ಬಟ್ಟೆ ಬಂತು. ಅಡ್ಡಕ್ಕೆ ಹೊಡೆಯುವ ಹಳದಿಯನ್ನೂ ಅದೇ ಲೆಕ್ಕಕ್ಕೆ ದೂರ ಮಾಡಿದ್ದರು. ನಾನು ಕ್ಯಾಮೆರಾ ಹಿಡಿದೆ. ಹತ್ತಿರ ಹೋದೆ, ಹಿಂದೆ ಸರಿದೆ. ಚೌಕಳಿ ಮಿಸುಕಲಿಲ್ಲ! ನಾನು ಕೂಗಿದ ಕೂಗಿಗೆ ಓಣಿಯ ಮಂದಿ ಬಾಗಿಲಿಗೆ ಬಂದರು. ಸರದಿಯ ಮೇಲೆ ನೇಯ್ದು ಐದನೆಯ ದಿನ ಸೀರೆ ಕೈಗಿಟ್ಟರು.

ಸ್ಪರ್ಧೆಯ ಸಂಜೆ ನಾನು ಆ ಪರದೇಶದ ಕಂಟ್ರೋಲ್ ರೂಮಿನಲ್ಲಿದ್ದೆ. ಸುಜಾತಾ ಹಾಡುತ್ತಿದ್ದಳು, ನಾನು ಸೀರೆ ನೋಡುತ್ತಿದ್ದೆ. ಹಾಡು ಕೇಳಿಸಿಕೊಂಡದ್ದು ಕೊನೆಯ ಅರ್ಧ ನಿಮಿಷ ಮಾತ್ರ. ಅದು ಕೇಳಿ ಮೈ ಜುಮ್ಮೆಂದಿತು. ನಮಗೆ ಬಂದದ್ದು ಆರನೆಯ ಸ್ಥಾನ.

ಹೊರಗೆ ಬಂದು ನರ್ಸಪ್ಪನಿಗೆ ಫೋನ್ ಮಾಡಿದೆ. "ಆರನೇದಾದ್ರ ಏನಾತ್ರಿ ಸಾರ್! ಮೂರು ನಿಮಿಷ ನಮ್ಮ ಸೀರಿ ಅಲುಗಾಡ್ಲಿಲ್ಲ" ಎಂದು ಕುಣಿಯುತ್ತಿದ್ದ. ಮೊದಲ ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಬಾಲಮ್ಮ ಫೋನ್ ಕಸಿದುಕೊಂಡಳು.

"ಅದು ನಮಗ ಅವತ್ತ ಗೊತ್ತಾತ್ರಿ. ಮುಂದಿನ ಸಲ ಮೊದಲು ಕ್ಯಾಮೆರಾ ತಗೊಂಡು ಬರ್ರಿ, ಆಮ್ಯಾಲ ಹಾಸು ಹೂಡ್ತೀವಿ."

ಆಮೇಲಿನ ಎರಡು ವರ್ಷ, ಯಾವ ಕುಶಲಕರ್ಮಿಯ ಬಳಿ ಹೋದರೂ, ಚಲೋದು ಬೇಕು ಎನ್ನುವ ಮೊದಲು ನಾನು ಮಾನಿಟರ್ ತೆರೆದು ತೋರಿಸಿದೆ.