ಟೇಪಿನ ಮೇಲೊಂದು ಟೇಪು

ನಮ್ಮಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಿಂದ ರಿಟೈರ್ ಆದವರು. ಬೇರೆಯವರು ಮಾಡಿದ ಬಿಡಿಭಾಗಗಳಲ್ಲಿ ತಪ್ಪು ಹುಡುಕುವುದೇ ಅವರ ನೌಕರಿಯಾಗಿತ್ತು. ಮನೆಗೆ ಹೊಸ ಕುಕ್ಕರ್ ತಂದರೂ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿಯೇ ಒಳಗೆ ಬಿಡುತ್ತಿದ್ದರು. ಡೆಸ್ಕ್‌ಟಾಪ್ ಕಂಪ್ಯೂಟರನ್ನು ಆನ್‌ಲೈನಿನಲ್ಲಿ ತರಿಸುತ್ತೇನೆ ಎಂದು ನಾನು ಹೇಳಿದ ದಿನ ಅವರು ಓದುತ್ತಿದ್ದ ಪೇಪರನ್ನು ಮಡಚಿಟ್ಟರು.

ನನಗೆ ಅದು ಬೇಕೇ ಬೇಕಿತ್ತು. ಪೀಣ್ಯದ ಗಾರ್ಮೆಂಟ್ಸ್ ಒಂದಕ್ಕೆ ಎಂಬ್ರಾಯ್ಡರಿ ಮೆಷಿನ್ನಿನ ಡಿಸೈನ್‌ಗಳನ್ನು ಮನೆಯಿಂದಲೇ ಮಾಡಿಕೊಡುತ್ತಿದ್ದೆ. ಸ್ವಲ್ಪ ದೊಡ್ಡ ಡಿಸೈನ್ ತೆರೆದರೆ ಹಳೇ ಲ್ಯಾಪ್‌ಟಾಪ್ ನಿಂತೇಹೋಗುತ್ತಿತ್ತು. ನನಗೆ ಬೇಕಾದ ಮಾಡೆಲ್ ಹತ್ತಿರದ ಅಂಗಡಿಗಳಲ್ಲಿ ಇರಲಿಲ್ಲ. ಅಪ್ಪ ಬೇಡ ಅನ್ನಲಿಲ್ಲ, ಆದರೆ ಬಾಕ್ಸಿನೊಳಗೆ ಕಲ್ಲು, ಸೋಪು ಬಂದವರ ವಿಡಿಯೊಗಳನ್ನು ಒಂದೊಂದಾಗಿ ನನ್ನ ಫೋನಿಗೆ ಕಳಿಸತೊಡಗಿದರು.

ಮೊದಮೊದಲು ನಗು ಬರುತ್ತಿತ್ತು. ನಾನು ಆರ್ಡರ್ ಮಾಡಿದ ಪಾರ್ಸೆಲ್ಲು ಹೊಸೂರು ರಸ್ತೆಯ ಬೊಮ್ಮನಹಳ್ಳಿ ಗೋಡೌನಿಗೆ ಬಂದು ಅಲ್ಲೇ ಕೂತುಬಿಟ್ಟ ಮೇಲೆ ನನ್ನ ನಗು ನಿಂತಿತು. ಬೊಮ್ಮನಹಳ್ಳಿಯವರೆಗೆ ಬಂದ ಸಾಮಾನು ಜಾಲಹಳ್ಳಿಗೆ ಬರಲು ಇಷ್ಟು ದಿನ ಯಾಕೆ? ಅಲ್ಲಿ ಯಾರ ಕೈಯಲ್ಲಿದೆ? ಗಳಿಗೆಗೊಮ್ಮೆ ಫೋನ್ ನೋಡುವುದೇ ಕೆಲಸವಾಯಿತು.

ಕೊನೆಗೆ ಒಂದು ಮಧ್ಯಾಹ್ನ ಡೆಲಿವರಿಯವನು ಬಾಕ್ಸನ್ನು ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದ. ಲಗ್ಗೆರೆಯಲ್ಲಿ ರೂಮು ಮಾಡಿಕೊಂಡಿದ್ದ ರಾಯಚೂರು ಕಡೆಯ ಮನುಷ್ಯ ಎಂದು ಆಮೇಲೆ ಗೊತ್ತಾಯಿತು; ನನ್ನ ವಯಸ್ಸೇ ಇರಬಹುದು. ಬಾಕ್ಸ್ ಇಳಿಸಿ, ಬೆವರು ಒರೆಸಿಕೊಂಡು, ಫೋನಿಗೆ ಬಂದಿರುವ ಓಟಿಪಿ ಹೇಳಿ ಎಂದ. ಅಷ್ಟರಲ್ಲಿ ಅಪ್ಪ ಮಂಡಿಯೂರಿ ಕೂತು ಬಾಕ್ಸಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. ಕಂಪನಿಯ ಹೆಸರಿದ್ದ ಟೇಪಿನ ಮೇಲೆ ಇನ್ನೊಂದು, ಬರೀ ಕಂದು ಬಣ್ಣದ ಟೇಪು ಇತ್ತು.

"ಬಿಚ್ಚಿ ನೋಡೋವರೆಗೂ ನಂಬರ್ ಹೇಳ್ಬೇಡ" ಎಂದರು ನನಗೆ.

ಬಿಚ್ಚಲು ತನಗೆ ಅನುಮತಿ ಇಲ್ಲ, ಇನ್ನೂ ತುಂಬ ಮನೆಗಳಿಗೆ ಹೋಗಬೇಕು ಎಂದು ಅವನು ಹೇಳಿದ. ಅಪ್ಪ ಕದಲಲಿಲ್ಲ. ಈ ಟೇಪು ಹಾಕಿದ್ದು ಯಾರು, ದಾರಿಯಲ್ಲಿ ಗಾಡಿ ಎಲ್ಲೆಲ್ಲಿ ನಿಲ್ಲಿಸಿದ್ದೆ ಎಂದು ಕೇಳುತ್ತಲೇ ಹೋದರು. ಅವನ ಮುಖ ಕೆಂಪಾಯಿತು.

"ನಾ ಏನ್ ಕಳ್ಳ ಅದೀನೇನ್ರಿ ಸಾರ್?" ಎಂದ, ಮೆಲ್ಲಗೆ.

ನನಗೆ ನಾಚಿಕೆಯಾಯಿತು, ಆದರೆ ಅನುಮಾನವೂ ಹೋಗಲಿಲ್ಲ. ಬಾಕ್ಸಿನ ಆರೂ ಕಡೆ ವಿಡಿಯೊ ಮಾಡಿಕೊಂಡು, ಅವನ ಮುಖವನ್ನೂ ಅದರಲ್ಲಿ ಸೇರಿಸಿಕೊಂಡು, ಆಮೇಲೆ ಓಟಿಪಿ ಹೇಳಿದೆ. ಅವನು ತಿರುಗಿ ನೋಡದೆ ಇಳಿದುಹೋದ.

ಬಿಚ್ಚಿದರೆ ಒಳಗೆ ಕಂಪ್ಯೂಟರೇ ಇತ್ತು. ಅದರ ಪಕ್ಕದ ಗಾಜು ಒಡೆದಿರಲಿಲ್ಲ, ಒಂದು ಗೀರೂ ಇರಲಿಲ್ಲ. ಕ್ಯಾಬಿನೆಟ್ಟಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಏನೋ ಗಟ್ಟಿಯಾಗಿ ತುಂಬಿತ್ತು. ತೂಕಕ್ಕೆ ಕಸ ತುಂಬಿದ್ದಾರೆ ಎಂದರು ಅಪ್ಪ. ಸಾಗಿಸುವಾಗ ಒಳಗಿನ ಗ್ರಾಫಿಕ್ಸ್ ಕಾರ್ಡು ಅಲುಗದಿರಲಿ ಎಂದು ಇಟ್ಟ ಫೋಮ್ ಅದು ಎಂದು ಜೊತೆಗಿದ್ದ ಚೀಟಿ ಓದಿ ಹೇಳಿದೆ. ಅದನ್ನು ತೆಗೆದು, ಮೊದಲೇ ತಂದಿಟ್ಟಿದ್ದ ಮಾನಿಟರಿಗೆ ವೈರ್ ಸಿಕ್ಕಿಸಿ, ಸ್ವಿಚ್ ಒತ್ತಿದೆ.

ಪರದೆಯ ಮೇಲೆ ಒಬ್ಬ ಹೆಂಗಸಿನ ಹೆಸರು ಬಂತು. ಅದರ ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಜಾಗ.

ಯಾರೋ ಬಳಸಿ ವಾಪಸ್ ಕಳಿಸಿದ್ದನ್ನು ಹೊಸದೆಂದು ನಮಗೆ ಮಾರಿದ್ದರು. ಅಪ್ಪ ತಟ್ಟನೆ ವೈರ್ ಕಿತ್ತರು. ಮಾರಿದವರಿಗೆ ಫೋನ್ ಮಾಡಿದರೆ, ಟೆಸ್ಟ್ ಮಾಡಿದವರ ಹೆಸರಿರಬೇಕು ಮೇಡಂ ಎಂದರು. ವಿಡಿಯೊ, ಫೋಟೊ ಎಲ್ಲ ಕಳಿಸಿದ ಮೇಲೆ ಮಾತು ಬದಲಿಸಿ, ವಾಪಸ್ ತೆಗೆದುಕೊಳ್ಳಲು ಒಪ್ಪಿದರು.

ತೆಗೆದುಕೊಂಡು ಹೋಗಲು ಅದೇ ಮನುಷ್ಯ ಬಂದ. ಈ ಸಲ ಬಾಕ್ಸ್ ಬಿಚ್ಚಿ ಎಂದದ್ದು ಅವನು. ವಾಪಸ್ ಹೋಗುವ ಬಾಕ್ಸಿನಲ್ಲಿ ಗಿರಾಕಿ ಬದಲಿಸಿಟ್ಟ ಹಳೇ ಸಾಮಾನು ಸಿಕ್ಕಿ ತನ್ನ ಜೊತೆಯವನೊಬ್ಬ ಕೆಲಸ ಕಳೆದುಕೊಂಡಿದ್ದನಂತೆ. ಸೀರಿಯಲ್ ನಂಬರನ್ನು ಫೋನಿನಲ್ಲಿದ್ದದ್ದಕ್ಕೆ ಹೋಲಿಸಿ ನೋಡಿದ, ವೈರುಗಳನ್ನು ಎಣಿಸಿದ, ನಮ್ಮಿಬ್ಬರನ್ನೂ ನಿಲ್ಲಿಸಿ ಫೋಟೊ ತೆಗೆದ. ನನಗೆ ಒಳಗೊಳಗೇ ಚುರ್ ಅಂತು. ಅಪ್ಪ ಮಾತ್ರ ಪಕ್ಕದಲ್ಲೇ ಕೂತು ಒಂದೊಂದೇ ಎತ್ತಿ ಕೊಟ್ಟರು.

"ಸರಿಯಾಗಿ ನೋಡ್ಕೊಳ್ಳಪ್ಪ. ಆವತ್ತು ನಿನ್ನನ್ನ ಹಾಗೆ ಕೇಳಬಾರದಿತ್ತು" ಎಂದರು.

ಅಮ್ಮ ತಂದ ಕಾಫಿಯನ್ನು ಅವನು ಕೂತು ಕುಡಿದ.

ಮುಂದಿನ ಕಂಪ್ಯೂಟರನ್ನು ಬಾಗಿಲಲ್ಲೇ ಬಿಚ್ಚಿ ತೋರಿಸುವವರಿಂದ ತರಿಸಿದೆ. ಅದು ಈಗಲೂ ಚೆನ್ನಾಗಿ ನಡೆಯುತ್ತಿದೆ. ಆ ಹೆಂಗಸಿನ ಹೆಸರು ಮಾತ್ರ ನನಗಿನ್ನೂ ನೆನಪಿದೆ. ವಾಪಸ್ ಕಳಿಸುವಾಗ ತನ್ನದೆಲ್ಲ ಅಳಿಸಿಹೋಗುತ್ತದೆ ಎಂದು ಅವಳು ನಂಬಿದ್ದಿರಬೇಕು. ನಮ್ಮ ಕೈಯಿಂದ ಆ ಮೊದಲ ಕಂಪ್ಯೂಟರು ಮತ್ತೆ ಯಾರ ಮನೆಗೆ ಹೋಯಿತೋ.